ಕಣ್ಣೀರು ತರಿಸಿದ ಅಭ್ಯರ್ಥಿ ಏನು ಮಾಡುತ್ತಾರಂತೆ?

ಪ್ರಶ್ನೆ: ನಮ್ಮದು ದಕ್ಷಿಣ ಕೊಡಗಿನಲ್ಲಿ ಪುಟ್ಟ ಕಾಫಿ ತೋಟ. ಚುನಾವಣೆಗೆ ಮೊದಲು ಊರಿನ ಸಂಘದವರು ಅಭ್ಯರ್ಥಿಗಳ ಮುಖಾಮುಖಿ ಏರ್ಪಡಿಸಿದ್ದರು. ಕಾಡಾನೆ ಹಾವಳಿಯ ಬಗ್ಗೆ ಪ್ರಶ್ನೆ ಬಂದಾಗ ಒಬ್ಬರು ಬೇಲಿಯ ಉದ್ದ, ಬಿಡುಗಡೆಯಾದ ಹಣ, ಬಾಕಿ ಉಳಿದ ಕಾಮಗಾರಿ ಎಂದು ಕಾಗದ ನೋಡಿ ಓದಿದರು. ಇನ್ನೊಬ್ಬರು ಕಾಗದ ಮುಟ್ಟಲೇ ಇಲ್ಲ. ಆನೆ ತುಳಿದು ಸತ್ತ ತೋಟದ ಕೆಲಸದ ಹೆಂಗಸೊಬ್ಬರ ಕಥೆ ಹೇಳಿದರು. ಅವರ ಬುತ್ತಿಯ ಡಬ್ಬಿ ಮುಚ್ಚಳ ತೆರೆಯದೆ ಕಾಫಿ ಗಿಡದ ಬುಡದಲ್ಲಿ ಬಿದ್ದಿತ್ತು ಎಂದಾಗ ಸಭಾಂಗಣದಲ್ಲಿ ಉಸಿರಾಟ ಕೇಳಿಸುವಷ್ಟು ಮೌನ. ನಾನೂ ಅತ್ತೆ, ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಹೇಳಿದರೆ ಅಜ್ಜ, ‘ಸರಿ ಮಗಳೇ, ಅವರು ಏನು ಮಾಡುತ್ತಾರಂತೆ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಮೋಸ ಹೋದೆನೇ? ಇದನ್ನು ಅವರು ಹೇಗೆ ಸಾಧಿಸುತ್ತಾರೆ? ಮುಂದಿನ ಸಲ ಹೇಗೆ ಕೇಳಿಸಿಕೊಳ್ಳಬೇಕು?

ಉತ್ತರ: ನಿಮಗೆ ಅಳು ಬಂದದ್ದರಲ್ಲಿ ತಪ್ಪೇನೂ ಇಲ್ಲ, ಆ ಸಂಕೋಚವನ್ನು ಮೊದಲು ಬಿಡಿ. ದುಡಿಯಲು ಹೋದ ಹೆಂಗಸು ಹೆಣವಾಗಿ ಮರಳಿದರೆ ಕೇಳಿದವರ ಕರುಳು ಚುರ್ ಎನ್ನಬೇಕು. ಎನ್ನದಿದ್ದರೆ ಆ ಊರಿನಲ್ಲಿ ಬೇಲಿ, ಕಂದಕ, ಪರಿಹಾರ ಯಾವುದೂ ಚುನಾವಣೆಯ ವಿಷಯವಾಗುವುದೇ ಇಲ್ಲ.

‘ಭಾವನೆಯನ್ನು ಬದಿಗಿಟ್ಟು ಬುದ್ಧಿಯಿಂದ ಮತ ಹಾಕಿ’ ಎಂದು ಉಪದೇಶ ಮಾಡುವವರು ಬಹಳ ಮಂದಿ. ಆ ಮಾತನ್ನು ನಾನು ಒಪ್ಪುವುದಿಲ್ಲ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ತಮ್ಮ ಕೆಲವು ರೋಗಿಗಳ ವಿಷಯ ಬರೆದಿದ್ದಾರೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿ ಅವರ ಭಾವನೆಗಳು ಮಂಕಾಗಿದ್ದವು, ಬುದ್ಧಿ ಮಾತ್ರ ಹಾಗೆಯೇ ಉಳಿದಿತ್ತು. ಅವರು ಮಹಾ ವಿವೇಕಿಗಳಾಗಬೇಕಿತ್ತಲ್ಲವೇ? ಅದರ ಬದಲು ಅತಿ ಸಣ್ಣ ತೀರ್ಮಾನವೂ ಅವರಿಂದಾಗುತ್ತಿರಲಿಲ್ಲ. ಅವರಲ್ಲೊಬ್ಬ ರೋಗಿ ಮುಂದಿನ ಭೇಟಿಗೆ ಎರಡು ದಿನಾಂಕಗಳಲ್ಲಿ ಒಂದನ್ನು ಆರಿಸಲು ಸುಮಾರು ಅರ್ಧ ಗಂಟೆ ಲಾಭನಷ್ಟ ಅಳೆಯುತ್ತಾ ಕುಳಿತಿದ್ದನಂತೆ. ಯಾವುದು ಮುಖ್ಯ ಎಂದು ನಮಗೆ ತಿಳಿಸಿಕೊಡುವುದೇ ಭಾವನೆ. ಅದಿಲ್ಲದೆ ಲೆಕ್ಕ ಹಾಕುವ ಬುದ್ಧಿಗೆ ಎಲ್ಲಿ ನಿಲ್ಲಬೇಕೆಂದೇ ತೋಚುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ನಿಮ್ಮ ಅಜ್ಜ ಅದನ್ನು ಒಂದೇ ಪ್ರಶ್ನೆಯಲ್ಲಿ ಹಿಡಿದಿದ್ದಾರೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅರಿಸ್ಟಾಟಲ್ ಭಾಷಣ ಕಲೆಯ ಬಗ್ಗೆ ಬರೆಯುತ್ತಾ, ಜನರನ್ನು ಒಪ್ಪಿಸಲು ಮೂರು ದಾರಿಗಳಿವೆ ಎಂದ. ಮಾತನಾಡುವವನ ನಡತೆಯ ಮೇಲಿನ ನಂಬಿಕೆ ಒಂದು, ಕೇಳುವವರಲ್ಲಿ ಎಬ್ಬಿಸುವ ಭಾವ ಇನ್ನೊಂದು, ವಾದದ ಹುರುಳು ಮೂರನೆಯದು. ತೀರ್ಪು ಕೊಡುವವರನ್ನು ಸಿಟ್ಟಿಗೋ ಮರುಕಕ್ಕೋ ಎಳೆಯುವುದೆಂದರೆ, ಅಳೆಯಲು ಹೊರಟವನು ಅಳತೆಗೋಲನ್ನೇ ಬಗ್ಗಿಸಿದಂತೆ ಎಂದು ಆತ ಗ್ರಂಥದ ಆರಂಭದಲ್ಲಿಯೇ ಎಚ್ಚರಿಸುತ್ತಾನೆ. ಆದರೂ ಮುಂದೆ ಸಿಟ್ಟು, ಭಯ, ನಾಚಿಕೆ, ಮರುಕ, ಹೊಟ್ಟೆಕಿಚ್ಚು ಎಂದು ಒಂದೊಂದನ್ನೂ ಬಿಡಿಸಿ ನೋಡುತ್ತಾನೆ. ನೋಡುವಾಗ ಆತ ಕೇಳುವ ಪ್ರಶ್ನೆಗಳು ಮೂರು: ಯಾವ ಮನಃಸ್ಥಿತಿಯಲ್ಲಿ ಆ ಭಾವ ಹುಟ್ಟುತ್ತದೆ, ಯಾರ ಮೇಲೆ ಹುಟ್ಟುತ್ತದೆ, ಯಾವ ಕಾರಣಕ್ಕೆ ಹುಟ್ಟುತ್ತದೆ. ಮತದಾರರಾದ ನಮಗೆ ನಾಲ್ಕನೆಯದೂ ಬೇಕು, ಅದು ನಿಮ್ಮ ಅಜ್ಜನದು. ಭಾವ ಹುಟ್ಟಿದ ಮೇಲೆ ಮುಂದೇನು?

ಚುನಾವಣಾ ವೇದಿಕೆಯ ಭಾವುಕ ಮಾತನ್ನು ಈ ನಾಲ್ಕರಲ್ಲಿ ಇಟ್ಟು ನೋಡಿದರೆ ಪ್ರಾಮಾಣಿಕ ಮಾತು ಯಾವುದು, ಕೈಚಳಕ ಯಾವುದು ಎಂದು ಬಹುಪಾಲು ಗೊತ್ತಾಗಿಬಿಡುತ್ತದೆ. ಪ್ರಾಮಾಣಿಕನು ನಾಲ್ಕನ್ನೂ ತುಂಬುತ್ತಾನೆ. ಕೈಚಳಕದವನು ಮೊದಲನೆಯದನ್ನು ತುಂಬಿ ತುಳುಕಿಸುತ್ತಾನೆ, ಎರಡನೆಯದಕ್ಕೆ ಒಬ್ಬರ ಕಡೆ ಬೆರಳು ತೋರಿಸುತ್ತಾನೆ, ಮೂರನೆಯದನ್ನು ಮಸುಕಾಗಿಡುತ್ತಾನೆ, ನಾಲ್ಕನೆಯದು ಬರುವ ಹೊತ್ತಿಗೆ ಚಪ್ಪಾಳೆ ಬಿದ್ದಿರುತ್ತದೆ.

ಈಗ ನೀವು ಕೇಳಿದ ಭಾಷಣಕ್ಕೆ ಬರೋಣ. ಕಾಲೇಜಿನ ಮಕ್ಕಳನ್ನು ಚರ್ಚಾಸ್ಪರ್ಧೆಗಳಿಗೆ ತಯಾರು ಮಾಡುವುದು ನನ್ನ ಕೆಲಸದ ಒಂದು ಭಾಗ, ಆದ್ದರಿಂದ ಇದರ ಒಳಹೊಲಿಗೆ ನನಗೆ ಕಾಣುತ್ತದೆ. ಆ ಅಭ್ಯರ್ಥಿ ‘ಕೊಡಗಿನಲ್ಲಿ ಇಷ್ಟು ಮಂದಿ ಸತ್ತಿದ್ದಾರೆ’ ಎನ್ನಲಿಲ್ಲ. ಒಬ್ಬರನ್ನು ತೋರಿಸಿದರು. 2007ರಲ್ಲಿ ಪ್ರಕಟವಾದ, ಅಮೆರಿಕದ ಸಂಶೋಧಕರ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿಗೆ ದಾನ ಮಾಡಲು ಅವಕಾಶ ಕೊಟ್ಟರು. ಕೆಲವರಿಗೆ ಲಕ್ಷಾಂತರ ಜನ ಹಸಿದಿದ್ದಾರೆ ಎಂಬ ಅಂಕಿ ಅಂಶ ತೋರಿಸಿದರು, ಅವರು ಸರಾಸರಿ ಒಂದು ಡಾಲರಿಗೆ ತುಸು ಹೆಚ್ಚು ಕೊಟ್ಟರು. ಇನ್ನು ಕೆಲವರಿಗೆ ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಚಿತ್ರ ತೋರಿಸಿದರು, ಅವರು ಎರಡು ಡಾಲರಿಗೂ ಹೆಚ್ಚು ಕೊಟ್ಟರು. ಮೂರನೆಯ ಗುಂಪಿಗೆ ಹುಡುಗಿಯನ್ನೂ ಅಂಕಿಗಳನ್ನೂ ಒಟ್ಟಿಗೆ ತೋರಿಸಿದರು. ಕೊಡುಗೆ ಇನ್ನೂ ಹೆಚ್ಚಬೇಕಿತ್ತು, ಆದರೆ ಒಂದೂವರೆ ಡಾಲರಿಗಿಂತ ಕೆಳಗಿಳಿಯಿತು.

ಈ ಮೂರನೆಯ ಗುಂಪೇ ನಿಮ್ಮ ಪ್ರಶ್ನೆಗೆ ಉತ್ತರ. ಅಂಕಿ ಬಂದೊಡನೆ ಮರುಕ ಇಳಿಯುತ್ತದೆ ಎಂದು ಪಳಗಿದ ಭಾಷಣಕಾರರಿಗೆ, ಇಂಥ ಪ್ರಯೋಗ ಓದದಿದ್ದರೂ, ಸಭೆಯ ಮುಖ ನೋಡಿಯೇ ಗೊತ್ತು. ಹಾಗಾಗಿ ಕಾಗದ ಮುಟ್ಟದಿರುವುದು ಬಹುಮಟ್ಟಿಗೆ ತಯಾರಿಯ ಕೊರತೆಯಿಂದ ಆದದ್ದಾಗಿರುವುದಿಲ್ಲ, ಅದೂ ತಯಾರಿಯ ಭಾಗವೇ.

ಬುತ್ತಿಯ ಡಬ್ಬಿಯ ವಿಚಾರವೂ ಹಾಗೆಯೇ. ಸಾವಿನ ವರ್ಣನೆ ಮಾಡಿದ್ದರೆ ಜನ ಮುಖ ತಿರುಗಿಸುತ್ತಿದ್ದರು. ತೆರೆಯದ ಡಬ್ಬಿ ಎಂದಾಗ ಪ್ರತಿಯೊಬ್ಬರೂ ತಮ್ಮ ಮನೆಯ ಡಬ್ಬಿಯನ್ನೇ ಕಂಡರು, ಬೆಳಿಗ್ಗೆ ಅದಕ್ಕೆ ಅನ್ನ ತುಂಬಿದ ಕೈಯನ್ನು ಕಂಡರು. ಭಾಷಣಕಾರ ಅರ್ಧ ಹೇಳಿ ನಿಲ್ಲಿಸಿದ, ಉಳಿದರ್ಧವನ್ನು ಕೇಳುಗರೇ ತುಂಬಿಕೊಂಡರು. ತಾನೇ ತುಂಬಿಕೊಂಡದ್ದನ್ನು ಯಾರೂ ಅನುಮಾನಿಸುವುದಿಲ್ಲ. ಆ ನಂತರದ ಮೌನವನ್ನು ಗಮನಿಸಿದಿರಾ? ಆ ಮೌನದಲ್ಲಿ ಮುಂದಿನ ಪ್ರಶ್ನೆ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ, ಕೇಳಿದವರು ಕಟುಕರಂತೆ ಕಾಣುತ್ತಾರೆ. ಎದುರಾಳಿಗೂ ಅದೇ ಗತಿ.

ಸರ್ವನಾಮಗಳ ಮೇಲೂ ಒಂದು ಕಣ್ಣಿಡಿ. ಇಂಥ ಮಾತು ‘ಆ ತಾಯಿ’ ಎಂದು ಶುರುವಾಗಿ, ‘ನಮ್ಮ ತಾಯಂದಿರು’ ಎಂದಾಗಿ, ‘ನಾವು’ ಎಂದು ಹಿಗ್ಗಿ, ಕೊನೆಗೆ ‘ಅವರು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸತ್ತ ಹೆಂಗಸು ಬಹುಶಃ ಲೈನ್ ಮನೆಯಲ್ಲಿ, ಎಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಇದ್ದವರು. ‘ನಾವು’ ಎಂದು ಕಣ್ಣೊರೆಸಿಕೊಂಡ ಸಭೆಯಲ್ಲಿ ಲೈನ್ ಮನೆಯವರು ಎಷ್ಟು ಮಂದಿ ಇದ್ದರು, ಅವರಿಗೆ ಕುರ್ಚಿ ಸಿಕ್ಕಿತ್ತೇ ಎಂದು ನನಗೆ ಕೇಳಬೇಕೆನಿಸುತ್ತದೆ. ಅವರ ಸಾವನ್ನು ಬಳಸಿಕೊಂಡ ‘ನಾವು’ ಅವರ ಬದುಕನ್ನೂ ಒಳಗೊಂಡಿದ್ದರೆ ಸಂತೋಷ.

ಎದುರಾಳಿಯ ಪಾಡಿಗೆ ಎರಡು ಪ್ರಸಿದ್ಧ ಉದಾಹರಣೆಗಳು ಅಮೆರಿಕದಲ್ಲಿವೆ. ಅಲ್ಲಿ ಅಧ್ಯಕ್ಷ ಅಭ್ಯರ್ಥಿಗಳ ನೇರ ಚರ್ಚೆ ಟಿ.ವಿ.ಯಲ್ಲಿ ಬರುತ್ತದೆ. 1988ರ ಅಕ್ಟೋಬರ್ 13ರಂದು ನಿರೂಪಕ ಬರ್ನಾರ್ಡ್ ಶಾ, ಮರಣದಂಡನೆಯನ್ನು ವಿರೋಧಿಸುತ್ತಿದ್ದ ಮೈಕೆಲ್ ಡುಕಾಕಿಸ್ ಅವರಿಗೆ ಮೊದಲ ಪ್ರಶ್ನೆಯನ್ನೇ ಹೀಗೆ ಎಸೆದರು: ನಿಮ್ಮ ಹೆಂಡತಿಯ ಮೇಲೆ ಅತ್ಯಾಚಾರವಾಗಿ ಕೊಲೆಯಾದರೆ ಆ ಕೊಲೆಗಾರನಿಗೆ ಮರಣದಂಡನೆ ಬೇಕೆನ್ನುತ್ತೀರಾ? ಡುಕಾಕಿಸ್ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಇಲ್ಲ, ಜೀವನದುದ್ದಕ್ಕೂ ನಾನು ಅದನ್ನು ವಿರೋಧಿಸಿದ್ದೇನೆ, ಅದರಿಂದ ಅಪರಾಧ ತಗ್ಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಎಂದು ಉತ್ತರಿಸಿದರು. ವಾದವಾಗಿ ಅದು ನೇರ ಉತ್ತರ, ತನ್ನ ನಿಲುವಿಗೆ ನಿಷ್ಠವಾದ ಉತ್ತರ. ಆದರೆ ಹೆಂಡತಿಯ ಹೆಸರು ಕೇಳಿ ಈ ಮನುಷ್ಯನಿಗೆ ಏನೂ ಆಗಲಿಲ್ಲವೇ ಎಂದು ನೋಡಿದವರಿಗೆ ಅನ್ನಿಸಿತು. ಅವರು ಸಮೀಕ್ಷೆಗಳಲ್ಲಿ ಆಗಲೇ ಹಿಂದಿದ್ದರು, ಸೋತದ್ದು ಆ ಒಂದು ಉತ್ತರದಿಂದಲ್ಲ. ಆದರೂ ಜನ ಇಂದಿಗೂ ನೆನಪಿಟ್ಟುಕೊಂಡಿರುವುದು ಅದನ್ನೇ.

ನಾಲ್ಕು ವರ್ಷಗಳ ನಂತರ, 1992ರ ಅಕ್ಟೋಬರ್ 15ರಂದು, ರಿಚ್‌ಮಂಡ್ ನಗರದಲ್ಲಿ ಸಭಿಕರೇ ಪ್ರಶ್ನೆ ಕೇಳುವ ಚರ್ಚೆ ನಡೆಯಿತು. ದೇಶದ ಸಾಲ ನಿಮ್ಮ ಸ್ವಂತ ಬದುಕನ್ನು ಹೇಗೆ ತಟ್ಟಿದೆ ಎಂದು ಒಬ್ಬ ಯುವತಿ ಕೇಳಿದರು. ಪ್ರಶ್ನೆಯ ಹೊತ್ತಿನಲ್ಲೇ ಅಧ್ಯಕ್ಷ ಬುಷ್ ಕೈಗಡಿಯಾರ ನೋಡಿಕೊಂಡದ್ದು ಕ್ಯಾಮೆರಾಕ್ಕೆ ಸಿಕ್ಕಿತು. ಪ್ರಶ್ನೆ ಸರಿಯಾಗಿ ಅರ್ಥವಾಗಲಿಲ್ಲ ಎಂದು ಅವರು ತಡವರಿಸಿದರು. ಅವರ ಎದುರಾಳಿ ಬಿಲ್ ಕ್ಲಿಂಟನ್ ಕುರ್ಚಿಯಿಂದ ಎದ್ದು ಆ ಯುವತಿಯ ಹತ್ತಿರಕ್ಕೆ ನಡೆದರು. ನಿಮ್ಮನ್ನು ಅದು ಹೇಗೆ ತಟ್ಟಿದೆ, ಹೇಳಿ ಎಂದು ಮೊದಲು ಕೇಳಿದರು. ನಾನು ಸಣ್ಣ ರಾಜ್ಯದ ರಾಜ್ಯಪಾಲ, ಕಾರ್ಖಾನೆ ಮುಚ್ಚಿದರೆ ಕೆಲಸ ಕಳೆದುಕೊಂಡವರ ಹೆಸರು ನನಗೆ ಗೊತ್ತಿರುತ್ತದೆ ಎಂದರು. (ಅಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ, ಅವರು ನಮ್ಮ ಮುಖ್ಯಮಂತ್ರಿಯಂತೆ.) ಅದರಾಚೆಗೆ ಕಾರಣವನ್ನೂ ಹೇಳಿದರು, ಆರ್ಥಿಕ ನೀತಿಯಲ್ಲಿ ಏನು ಬದಲಿಸುತ್ತೇನೆ ಎಂಬುದನ್ನೂ ಸೇರಿಸಿದರು. ಅವರ ರಾಜಕೀಯ ನಿಮಗೆ ಇಷ್ಟವಿರಲಿ ಬಿಡಲಿ, ಆ ಎರಡು ನಿಮಿಷಗಳಲ್ಲಿ ಆ ನಾಲ್ಕೂ ಪ್ರಶ್ನೆಗಳಿಗೆ ಉತ್ತರವಿತ್ತು. ಭಾವುಕತೆಯೂ ಹುರುಳೂ ಒಂದೇ ಉತ್ತರದಲ್ಲಿ ಇರಬಹುದು ಎಂಬುದಕ್ಕೆ ನಾನು ಮಕ್ಕಳಿಗೆ ತೋರಿಸುವುದು ಅದನ್ನೇ.

ಮರುಕಕ್ಕಿಂತ ಭಯ ಹೆಚ್ಚು ದೂರ ಹೋಗುತ್ತದೆ. ಸಾಯುತ್ತೇವೆಂದು ಎಲ್ಲರಿಗೂ ಗೊತ್ತು, ಆದರೆ ಸಾವು ಹತ್ತಿರವಿಲ್ಲವೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಭಯ ಹುಟ್ಟಬೇಕಾದರೆ ಕೇಡು ಹತ್ತಿರದ್ದಾಗಿರಬೇಕು. ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2018ರ ಆಗಸ್ಟ್‌ಗೆ ಮೊದಲೂ ಇಲ್ಲಿ ಮಳೆ ಸುರಿಯುತ್ತಿತ್ತು, ಬರೆ (ಗುಡ್ಡದ ಕಡಿದಾದ ಅಂಚು) ಜಾರುತ್ತಿತ್ತು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಎಂಬ ಊರುಗಳ ಹೆಸರುಗಳು ಆ ತಿಂಗಳ ಭೂಕುಸಿತದಲ್ಲಿ ಬೇರೆಯೇ ಅರ್ಥ ಪಡೆದವು. ಮರುವರ್ಷ ತೋರ ಎಂಬ ಊರಿನಲ್ಲಿ, ಅದರ ಮರುವರ್ಷ ತಲಕಾವೇರಿಯಲ್ಲಿ ಬೆಟ್ಟ ಕುಸಿಯಿತು. ಇವತ್ತು ವೇದಿಕೆಯಲ್ಲಿ ‘ಆಗಸ್ಟ್’ ಎಂದರೆ ಸಾಕು, ಮುಂದಿನದ್ದನ್ನು ಹೇಳಬೇಕಾಗಿಲ್ಲ.

ಭಯವನ್ನು ಬಳಸಿದ ಮಾತ್ರಕ್ಕೆ ಅಭ್ಯರ್ಥಿಯನ್ನು ದೂರುವಂತಿಲ್ಲ. ಟೆಡ್ ಬ್ರೇಡರ್ ಎಂಬ ರಾಜ್ಯಶಾಸ್ತ್ರಜ್ಞರು 1998ರಲ್ಲಿ ಮೆಸಚೂಸೆಟ್ಸ್‌ನ ಚುನಾವಣೆಯೊಂದರ ಸಂದರ್ಭದಲ್ಲಿ ಒಂದು ಪ್ರಯೋಗ ಮಾಡಿದರು. ಜಾಹೀರಾತಿನ ಮಾತುಗಳನ್ನು ಹಾಗೆಯೇ ಇಟ್ಟು, ಹಿನ್ನೆಲೆಯ ಸಂಗೀತ ಮತ್ತು ಚಿತ್ರಗಳನ್ನು ಬದಲಿಸಿ ತೋರಿಸಿದರು. ಹುರುಪು ತುಂಬುವ ಸಂಗೀತ ಕೇಳಿದವರು ತಮ್ಮ ಹಳೆಯ ಒಲವಿಗೇ ಇನ್ನಷ್ಟು ಅಂಟಿಕೊಂಡರು. ಭಯ ಹುಟ್ಟಿಸುವ ಚಿತ್ರ ನೋಡಿದವರು ಹಳೆಯ ನಿಷ್ಠೆಯನ್ನು ಸಡಿಲಿಸಿ ಹೊಸ ಮಾಹಿತಿಯ ಕಡೆ ತಿರುಗಿದರು. ಅಂದರೆ ಒಂದು ಮಟ್ಟದ ಆತಂಕ ಮತದಾರನನ್ನು ಎಚ್ಚರಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಭಾಷಣದ ತುಣುಕು ಬಂದಾಗ ಹಿನ್ನೆಲೆ ಸಂಗೀತವಿದೆಯೇ ಎಂದು ನೋಡಿ. ಇದ್ದರೆ ಧ್ವನಿ ಮುಚ್ಚಿ ಅಕ್ಷರಗಳನ್ನಷ್ಟೇ ಓದಿ. ಮಾತಿಗೆ ತನ್ನದೇ ತೂಕ ಎಷ್ಟಿತ್ತೆಂದು ಆಗ ತಿಳಿಯುತ್ತದೆ.

ನನಗೆ ನಿಜವಾಗಿ ಕಳವಳ ಹುಟ್ಟಿಸುವುದು ಸಿಟ್ಟು. ಹೆದರಿದವನು ‘ಏನಾಯಿತು, ಏಕಾಯಿತು’ ಎಂದು ಕೇಳುತ್ತಾನೆ, ಸಿಟ್ಟಾದವನು ‘ಯಾರು ಮಾಡಿದ್ದು’ ಎಂದಷ್ಟೇ ಕೇಳುತ್ತಾನೆ. ಸಿಟ್ಟು ಜನರನ್ನು ಮತಗಟ್ಟೆಗೆ ತರುತ್ತದೆ, ಅದೇ ಹೊತ್ತಿಗೆ ಯೋಚನೆಯನ್ನು ಮೊಟಕುಗೊಳಿಸುತ್ತದೆ. ಬೆಟ್ಟ ಏಕೆ ಜಾರಿತು ಎಂಬುದಕ್ಕೆ ಸುರಿದ ಮಳೆ, ಮಣ್ಣಿನ ಗುಣ, ರಸ್ತೆಗೂ ಮನೆಗೂ ರೆಸಾರ್ಟಿಗೂ ಕಡಿದ ಇಳಿಜಾರು, ತಡೆದ ನೀರಿನ ಹಾದಿ ಎಂದು ಹಲವು ಕಾರಣಗಳನ್ನು ಸೇರಿಸಿ ಹೇಳಬೇಕಾಗುತ್ತದೆ. ಅವುಗಳಲ್ಲಿ ಕೆಲವು ನಮ್ಮ ಮನೆಯ ಹಿಂದಿನ ಬರೆಯನ್ನೇ ತೋರಿಸುತ್ತವೆ. ಅಷ್ಟನ್ನು ಹೇಳುವ ಅಭ್ಯರ್ಥಿಗೆ ಚಪ್ಪಾಳೆ ಬೀಳುವುದಿಲ್ಲ. ‘ಹೊರಗಿನವರು ಬಂದು ಹಾಳು ಮಾಡಿದರು’ ಎಂದವನಿಗೆ ಬೀಳುತ್ತದೆ. ಹೊರಗಿನವರು ಎಂಬ ಆ ಪದದೊಳಗೆ ಬೆಂಗಳೂರಿನ ಹೂಡಿಕೆದಾರ, ವಾರಾಂತ್ಯದ ಪ್ರವಾಸಿ, ಪಕ್ಕದ ರಾಜ್ಯದ ವ್ಯಾಪಾರಿ, ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬಂದ ಕಾರ್ಮಿಕ ಎಲ್ಲರೂ ಕೂರುತ್ತಾರೆ. ಅವರಲ್ಲಿ ಗುಡ್ಡ ಕಡಿಸಿದವನು ಒಬ್ಬನಿರಬಹುದು. ಬೈಗುಳ ತಿನ್ನುವುದು ಮಾತ್ರ ಕೈಗೆ ಸಿಗುವ ಬಡವನು. ಇದನ್ನು ಸಹಿಸಿಕೊಂಡು ಕೇಳುತ್ತಾ ಕೂರಬೇಡಿ ಎಂದು ನಿಮಗೆ ಒತ್ತಿ ಹೇಳುತ್ತೇನೆ.

ಕೊಡಗಿನ ವೇದಿಕೆಗಳಲ್ಲಿ ಮತ್ತೊಂದು ಭಾವಕ್ಕೆ ಉಳಿದ ಜಿಲ್ಲೆಗಳಲ್ಲಿ ಇಲ್ಲದಷ್ಟು ಬಲವಿದೆ. ಅದು ಕಳೆದುಕೊಂಡದ್ದರ ನೋವು. 1952ರ ಮೊದಲ ಚುನಾವಣೆಯಲ್ಲಿ ಕೊಡಗು ತನ್ನದೇ ವಿಧಾನಸಭೆಯಿದ್ದ ‘ಸಿ’ ದರ್ಜೆಯ ರಾಜ್ಯ, ಸದಸ್ಯರು 24 ಮಂದಿ. ಕಾಂಗ್ರೆಸ್ 15 ಸ್ಥಾನ ಗೆದ್ದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಮೈಸೂರಿನೊಂದಿಗೆ ವಿಲೀನ ಬೇಡವೆಂದು ನಿಂತ, ಪಂದ್ಯಂಡ ಬೆಳ್ಯಪ್ಪನವರ ನೇತೃತ್ವದ ತಕ್ಕಡಿ ಪಕ್ಷದ ಕಡೆಯವರಿಗೆ 9 ಸ್ಥಾನ ಸಿಕ್ಕಿತು. ಬೆಳ್ಯಪ್ಪನವರನ್ನು ಜನ ಕೊಡಗಿನ ಗಾಂಧಿ ಎಂದು ಕರೆಯುತ್ತಿದ್ದರು. ಎರಡೂ ಕಡೆ ಭಾವ ತುಂಬಿ ಹರಿದಿರಲೇಬೇಕು. ನಮ್ಮತನ ಉಳಿಯಬೇಕೆಂಬ ಕಾತರ ಒಂದು ಕಡೆ, ದೊಡ್ಡ ನಾಡಿನೊಂದಿಗೆ ಬೆಳೆಯಬೇಕೆಂಬ ಹಂಬಲ ಇನ್ನೊಂದು ಕಡೆ. 1956ರ ನವೆಂಬರ್ 1ರಂದು ವಿಲೀನವಾಯಿತು. ಇಂದು ಕೊಡಗಿಗೆ ಇರುವುದು ಮಡಿಕೇರಿ, ವಿರಾಜಪೇಟೆ ಎಂಬ ಎರಡೇ ವಿಧಾನಸಭಾ ಕ್ಷೇತ್ರಗಳು. 2008ರ ಚುನಾವಣೆಗೆ ಮೊದಲು ಸೋಮವಾರಪೇಟೆಯೂ ಸೇರಿ ಮೂರಿದ್ದವು.

‘ಇಪ್ಪತ್ನಾಲ್ಕು ಇದ್ದವರು ಎರಡಕ್ಕೆ ಇಳಿದೆವು.’ ಈ ವಾಕ್ಯವನ್ನು ಯಾವ ಪಕ್ಷದವರು ಹೇಳಿದರೂ ಸಭೆ ಬಿಸಿಯಾಗುತ್ತದೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ರಾಜ್ಯವೊಂದರ ಸಭೆಯನ್ನು ಜಿಲ್ಲೆಯೊಂದರ ಪಾಲಿನೊಂದಿಗೆ ಹೋಲಿಸಿದ್ದೇವೆ ಎಂಬುದು ಆ ಬಿಸಿಯಲ್ಲಿ ಮರೆತುಹೋಗುತ್ತದೆ. 24 ಸದಸ್ಯರಿದ್ದಾಗ ಕೊಡಗಿನ ಜನಸಂಖ್ಯೆ 1951ರ ಗಣತಿಯಂತೆ ಸುಮಾರು 2 ಲಕ್ಷ 29 ಸಾವಿರ, ಅಂದರೆ ಹತ್ತು ಸಾವಿರಕ್ಕೂ ಕಡಿಮೆ ಜನಕ್ಕೆ ಒಬ್ಬ ಶಾಸಕ. 2011ರಲ್ಲಿ ಜನಸಂಖ್ಯೆ 5 ಲಕ್ಷ 54 ಸಾವಿರ. ಕರ್ನಾಟಕದ 224 ಕ್ಷೇತ್ರಗಳನ್ನು ಜಿಲ್ಲೆಗಳಿಗೆ ಹಂಚುವುದು ಮುಖ್ಯವಾಗಿ ಜನಸಂಖ್ಯೆಯ ಆಧಾರದಲ್ಲಿ, ಕ್ಷೇತ್ರದ ಗಡಿ ಎಳೆಯುವಾಗ ಭೂಗೋಳವನ್ನು ನೋಡಿದರೂ ಕಾಡು, ಬೆಟ್ಟ, ನದಿಯ ಹುಟ್ಟು ಇದ್ದ ಮಾತ್ರಕ್ಕೆ ಸ್ಥಾನಗಳು ಹೆಚ್ಚುವುದಿಲ್ಲ. ನೋವು ನ್ಯಾಯವಾದದ್ದೇ. ಅದನ್ನು ಎತ್ತಿದ ಅಭ್ಯರ್ಥಿ ಮುಂದಿನ ಮಾತು ಆಡಬೇಕು: ಕ್ಷೇತ್ರ ಮರುವಿಂಗಡಣೆಯಲ್ಲಿ ಭೂಗೋಳಕ್ಕೂ ತೂಕ ಕೊಡಿ ಎಂದು ಕೇಳುತ್ತೀರಾ, ಇರುವ ಎರಡು ಸ್ಥಾನಗಳಿಂದಲೇ ಕೆಲಸ ಮಾಡಿಸುವ ದಾರಿ ಇದೆಯೇ? ಆಡದಿದ್ದರೆ ಅವರಿಗೆ ಬೇಕಿರುವುದು ನಮ್ಮ ನೋವು, ಅದರ ಪರಿಹಾರವಲ್ಲ.

ಅಭಿಮಾನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಭ್ಯರ್ಥಿಗಳು ಕುಪ್ಯಚೇಲೆ ಉಟ್ಟು ಬರುವುದು, ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ನಾಲ್ಕು ಮಾತಾಡಿ ಕನ್ನಡಕ್ಕೆ ತಿರುಗುವುದು, ಕಾರ್ಯಪ್ಪ, ತಿಮ್ಮಯ್ಯನವರನ್ನು ಸ್ಮರಿಸುವುದು ಎಲ್ಲವೂ ‘ನಾನು ನಿಮ್ಮವನು’ ಎಂದು ಹೇಳುವ ದಾರಿಗಳು. ಆ ಸ್ಮರಣೆ ನಮಗೂ ಪ್ರಿಯವೇ. ಆದರೆ ಸ್ವತಃ ಕಾರ್ಯಪ್ಪನವರು 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಅವರ ಗೌರವವನ್ನು ಅಲ್ಲಿನ ಮತದಾರರು ಗೌರವವಾಗಿಯೇ ಉಳಿಸಿ, ಮತವನ್ನು ಬೇರೆ ಕಾರಣಕ್ಕೆ ಹಾಕಿದರು. ಹೆಸರು ಬಳಸುವವರಿಗೆ ನಾವು ಅದಕ್ಕಿಂತ ಹೆಚ್ಚಿನ ರಿಯಾಯಿತಿ ಕೊಡಬೇಕಾಗಿಲ್ಲ.

ನಮ್ಮಲ್ಲಿ ಪ್ರಧಾನಿ, ಮುಖ್ಯಮಂತ್ರಿ ಸ್ಥಾನದ ಆಕಾಂಕ್ಷಿಗಳು ಎದುರುಬದುರು ನಿಂತು ಚರ್ಚಿಸುವ ಪದ್ಧತಿ ಬೆಳೆದಿಲ್ಲ. ಆ ಜಾಗವನ್ನು ಸದನದ ಚರ್ಚೆಗಳು ತುಂಬಿವೆ. 1996ರ ಮೇ ತಿಂಗಳಲ್ಲಿ ವಾಜಪೇಯಿ ವಿಶ್ವಾಸಮತಕ್ಕೆ ನಿಂತಾಗ ಸಂಖ್ಯಾಬಲವಿಲ್ಲವೆಂದು ಅವರಿಗೂ ಗೊತ್ತಿತ್ತು. 2018ರ ಮೇ 19ರಂದು ವಿಧಾನಸಭೆಯಲ್ಲಿ ಗದ್ಗದಿತರಾಗಿ ಮಾತನಾಡಿದ ಯಡಿಯೂರಪ್ಪನವರು ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಘೋಷಿಸಿದರು. ಅದೇ ವರ್ಷದ ಜುಲೈನಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿಯವರು, ಮೈತ್ರಿ ಸರ್ಕಾರದ ನೋವನ್ನು ವಿಷಕಂಠನಂತೆ ನುಂಗುತ್ತಿದ್ದೇನೆಂದು ತಮ್ಮ ಪಕ್ಷದ ಸಭೆಯಲ್ಲಿ ಕಣ್ಣೀರು ಹಾಕಿದರು. ಆ ಕಣ್ಣೀರು ನಿಜವೇ ನಾಟಕವೇ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ, ಇನ್ನೊಬ್ಬರ ಎದೆಯನ್ನು ಬಗೆದು ನೋಡಲಾಗದು. ಸದನದ ಆ ಎರಡು ಭಾಷಣಗಳಲ್ಲಿ ಸದನದ ಲೆಕ್ಕ ಮಾತಿನಿಂದ ಬದಲಾಗುವಂತಿರಲಿಲ್ಲ. ಮಾತು ಹೋಗುತ್ತಿದ್ದದ್ದು ಟಿ.ವಿ. ನೋಡುತ್ತಿದ್ದ ನಮ್ಮ ಕಡೆಗೆ. ಭಾಷಣ ಯಾರ ಎದುರು ನಡೆಯುತ್ತಿದೆ, ಯಾರಿಗಾಗಿ ನಡೆಯುತ್ತಿದೆ ಎಂಬ ಎರಡನ್ನೂ ಬೇರೆಬೇರೆಯಾಗಿ ಕೇಳಿಕೊಂಡರೆ ಎಷ್ಟೋ ಸ್ಪಷ್ಟವಾಗುತ್ತದೆ. ನಿಮ್ಮ ಊರಿನ ಸಭೆಯಲ್ಲೂ ಮೊಬೈಲ್‌ಗಳು ಮೇಲೆದ್ದಿದ್ದವು ತಾನೇ?

ನಮ್ಮಂತೆಯೇ ಕಾಫಿ ಬೆಳೆಯುವ ಚಿಕ್ಕಮಗಳೂರಿನ 1978ರ ಉಪಚುನಾವಣೆ ಇನ್ನೊಂದು ಬಗೆಯದು. ಸೋತು ಅಧಿಕಾರ ಕಳೆದುಕೊಂಡಿದ್ದ ಇಂದಿರಾ ಗಾಂಧಿ ಅಲ್ಲಿ ವೀರೇಂದ್ರ ಪಾಟೀಲರ ವಿರುದ್ಧ ನಿಂತಾಗ, ಒಂದು ಸಿಂಹಿಣಿ, ನೂರು ಮುಸುವಗಳು ಎಂಬ ಅರ್ಥದ ಹಿಂದಿ ಘೋಷಣೆ ಮೊಳಗಿತು. ಅದರಲ್ಲಿ ಕಾಫಿಯ ಬೆಲೆಯೂ ಇಲ್ಲ, ಕೂಲಿಯ ಮಾತೂ ಇಲ್ಲ. ಒಂಟಿ ಹೆಂಗಸನ್ನು ಗಂಡಸರ ಹಿಂಡು ಮುತ್ತಿದೆ ಎಂಬ ಒಂದೇ ಚಿತ್ರ. ಅವರು ಭಾರಿ ಅಂತರದಲ್ಲಿ ಗೆದ್ದರು. ಗೆಲುವಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಜನರ ನಾಲಿಗೆಯ ಮೇಲೆ ಉಳಿದದ್ದು ಆ ಚಿತ್ರ.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ ಎಂದೂ ತಿಳಿದಿರಲಿ. ಅಳಿಸುವುದಕ್ಕೆ ನಿಷೇಧವಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರು ಹೇಳಿ ಕೇಳಿದರೂ ಅದು ತಪ್ಪೇ ಎಂದು 2017ರ ಜನವರಿ 2ರಂದು ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು–ಮೂರರ ಬಹುಮತದಲ್ಲಿ ಹೇಳಿತು. ಅದೇ ಸೆಕ್ಷನ್ ಪ್ರಕಾರ ದೈವಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರರನ್ನು ಹೆದರಿಸುವುದೂ ಅನುಚಿತ ಪ್ರಭಾವ. ಕಾವೇರಮ್ಮನಿಗೆ, ಇಗ್ಗುತಪ್ಪನಿಗೆ ಕೈಮುಗಿದು ಭಾಷಣ ಆರಂಭಿಸುವುದು ಭಕ್ತಿ. ನನಗೆ ಹಾಕದಿದ್ದರೆ ಕಾವೇರಮ್ಮ ಮುನಿಯುತ್ತಾಳೆ ಎನ್ನುವುದು ಅಪರಾಧದ ಕಡೆಗಿನ ಹೆಜ್ಜೆ.

ಇನ್ನು ಕೇಳಿಸಿಕೊಳ್ಳುವ ಬಗೆ. ನಾನು ಮಕ್ಕಳಿಗೆ ಕಲಿಸುವುದು ತುಂಬ ಸರಳ. ಕಣ್ಣು ತುಂಬಿದರೆ ತುಂಬಲಿ, ಕೈಯಲ್ಲಿ ಪೆನ್ನು ಇರಲಿ. ಕಾಗದವನ್ನು ನಾಲ್ಕಾಗಿ ಮಡಚಿ, ಆ ನಾಲ್ಕು ಪ್ರಶ್ನೆಗಳಿಗೆ ಒಂದೊಂದು ಮನೆ ಕೊಡಿ, ಅಭ್ಯರ್ಥಿಯ ಬಾಯಿಂದ ಬಂದ ಮಾತನ್ನಷ್ಟೇ ಅದರದರ ಮನೆಯಲ್ಲಿ ಬರೆಯಿರಿ. ನೀವು ಊಹಿಸಿಕೊಂಡದ್ದನ್ನು ಬರೆಯಬೇಡಿ, ಅದೇ ಕಷ್ಟ. ಬುತ್ತಿ ಡಬ್ಬಿಯ ಭಾಷಣಕ್ಕೆ ನಿಮ್ಮ ಕೊನೆಯ ಮನೆ ಖಾಲಿ ಉಳಿಯುತ್ತಿತ್ತು. ಅಂಕಿ ಓದಿದವರಿಗೆ ಮೊದಲ ಮನೆ ಖಾಲಿ ಉಳಿಯುತ್ತಿತ್ತು, ಅದನ್ನೂ ಸಣ್ಣ ಕೊರತೆ ಎಂದು ಬಿಡಬೇಡಿ. ಸತ್ತವರ ಮನೆಗೆ ಒಮ್ಮೆಯೂ ಹೋಗದವರು ಬೇಲಿಯ ಕಿಲೋಮೀಟರನ್ನು ಕಚೇರಿಯ ಕಡತದಲ್ಲಷ್ಟೇ ನೋಡುತ್ತಾರೆ. ಕಂದಕದ ಅಂಚು ಕುಸಿದದ್ದು, ಸೋಲಾರ್ ಬೇಲಿಯ ಮೇಲೆ ಮರ ಬಿದ್ದು ವಿದ್ಯುತ್ ನಿಂತದ್ದು, ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ತೋಟದಲ್ಲೇ ಬೀಡುಬಿಡುವುದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಇಬ್ಬರಿಗೂ ಒಂದೇ ಪ್ರಶ್ನೆ ಬೇಡ. ಕಥೆ ಹೇಳಿದವರನ್ನು ಕೇಳಿ: ಆ ಸಾವು ಯಾವ ಅರಣ್ಯ ವಲಯದಲ್ಲಾಯಿತು, ಅಲ್ಲಿ ತಡೆ ಎಲ್ಲಿ ತುಂಡಾಗಿದೆ, ಅದನ್ನು ಕೂಡಿಸಲು ಯಾವ ಇಲಾಖೆಯ ಯಾವ ಹಣ, ಯಾವ ತಿಂಗಳೊಳಗೆ? ಅಂಕಿ ಓದಿದವರನ್ನು ಕೇಳಿ: ಈ ಬೇಲಿ ಮುಗಿಯುವವರೆಗೆ ಬೆಳಿಗ್ಗೆ ಆರೂವರೆಗೆ ತೋಟಕ್ಕೆ ಹೊರಡುವವರಿಗೆ ಆನೆ ಎಲ್ಲಿದೆ ಎಂದು ಯಾರು ತಿಳಿಸುತ್ತಾರೆ, ಅವರ ಕೂಲಿ ಆ ದಿನ ತಪ್ಪಿದರೆ ಯಾರು ಕೊಡುತ್ತಾರೆ, ನೀವು ಅಂಥವರೊಂದಿಗೆ ಕುಳಿತು ಮಾತನಾಡಿದ್ದು ಯಾವಾಗ?

ಸಭೆ ಏರ್ಪಡಿಸುವ ಸಂಘದವರೊಂದಿಗೂ ಮಾತನಾಡಿ, ಮುಂದಿನ ಸಲಕ್ಕೆ ಇದು ತುಂಬಾ ಮುಖ್ಯ. ಕೊನೆಗೆ ಮಾತನಾಡಿದವರ ಮಾತೇ ಮನಸ್ಸಿನಲ್ಲಿ ಉಳಿಯುವುದರಿಂದ ಪ್ರತಿ ಪ್ರಶ್ನೆಗೂ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಲಿ. ಪ್ರತಿ ಉತ್ತರದ ನಂತರ ಮರುಪ್ರಶ್ನೆಗೆ ಒಂದು ನಿಮಿಷ ಕಡ್ಡಾಯವಾಗಿರಲಿ, ಆ ಮೌನವನ್ನು ಮುರಿಯುವ ಹೊರೆ ಸಭಿಕರ ಮೇಲೆ ಬೀಳದೆ ನಿರೂಪಕರ ಮೇಲಿರಲಿ. ಲೈನ್ ಮನೆಗಳಿಂದ ಬರುವವರಿಗೆ ಮುಂದಿನ ಸಾಲಿನಲ್ಲಿ ಜಾಗವಿರಲಿ, ಅವರ ಎರಡು ಪ್ರಶ್ನೆಗಳಾದರೂ ಬರಲಿ. ಸಭೆ ಮುಗಿದ ಮೇಲೆ ಅಭ್ಯರ್ಥಿಗಳು ಮಾಡುತ್ತೇವೆಂದ ಕೆಲಸ, ಅದಕ್ಕೆ ಹೇಳಿದ ಗಡುವು, ಹಣದ ಮೂಲ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅವರಿಂದಲೇ ಸಹಿ ಹಾಕಿಸಿ, ಸಂಘದ ಫಲಕದಲ್ಲಿ ಅಂಟಿಸಿಡಿ. ಗೆದ್ದವರು ಮುಂದಿನ ಮಹಾಸಭೆಗೆ ಬಂದಾಗ ಅದೇ ಹಾಳೆಯನ್ನು ಓದಿ, ಸಾಲು ಸಾಲಾಗಿ ಉತ್ತರ ಪಡೆಯಿರಿ.